ತಪ್ಪು ಹುಟ್ಟಿದ ಕಾಗದ ಯಾವುದು? ಮಾಜಿ ಸೈನಿಕರ ಸೇವಾ ದಾಖಲೆ ತಿದ್ದುಪಡಿಯ ಒಳಹೊರಗು

‘ತಿಮ್ಮಯ್ಯ’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಾವು ಕನ್ನಡಿಗರು ಟಿ ಅಕ್ಷರದ ಬೆನ್ನಿಗೊಂದು ಎಚ್ ಸೇರಿಸುತ್ತೇವೆ. ನಮ್ಮ ಮಟ್ಟಿಗೆ ಬರೀ ಟಿ ಎಂದರೆ ಅದು ‘ಟ’ಕಾರ. ಹಿಂದಿ ಸೀಮೆಯಿಂದ ಬಂದ ಗುಮಾಸ್ತರಿಗೆ ಆ ಎಚ್ ಬೇಕಿಲ್ಲ. ‘ಲಕ್ಷ್ಮಮ್ಮ’ ಎಂಬ ಹೆಸರಿಗೆ ನಾವು ಕೆ, ಎಸ್, ಎಚ್ ಎಂಬ ಮೂರು ಅಕ್ಷರಗಳನ್ನು ಖರ್ಚು ಮಾಡಿದರೆ ಅವರು ಒಂದು ಎಕ್ಸ್‌ನಲ್ಲಿ ಮುಗಿಸುತ್ತಾರೆ. 1970ರ ದಶಕದಲ್ಲಿ ಸೇನೆಗೆ ಭರ್ತಿಯಾದ ಹುಡುಗನೊಬ್ಬನ ಹೆಸರು, ಮದುವೆಯಾದ ಮೇಲೆ ಅವನ ಹೆಂಡತಿಯ ಹೆಸರು ಹೀಗೆ ಬರೆಯಲ್ಪಟ್ಟಾಗ ಯಾರಿಗೂ ಏನೂ ಅನ್ನಿಸಲಿಲ್ಲ; ಸಂಬಳ ಬರುತ್ತಿತ್ತು, ರಜೆ ಸಿಗುತ್ತಿತ್ತು, ಹೆಸರು ಕೂಗಿದರೆ ಆತ ಓಗೊಡುತ್ತಿದ್ದ. ಈಗ ಕಾಗದಗಳನ್ನು ಹೋಲಿಸುವುದು ಕಂಪ್ಯೂಟರ್, ಮತ್ತು ಅದು ಅಕ್ಷರಕ್ಕೆ ಅಕ್ಷರ ಇಟ್ಟು ನೋಡುತ್ತದೆ. ಒಂದು ಎಚ್ ಇಲ್ಲದ ಕಾರಣಕ್ಕೆ ಕುಟುಂಬ ಪಿಂಚಣಿ ತಡೆಯಾಗಬಹುದು, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡಿನ ಅರ್ಜಿ ವಾಪಸ್ ಬರಬಹುದು, ಸಿಇಟಿಯಲ್ಲಿ ಮಗಳು ಮಾಜಿ ಸೈನಿಕರ ಕೋಟಾದಡಿ ಕೇಳಿದ ಸೀಟಿಗೆ ದಾಖಲೆ ಪರಿಶೀಲನೆಯ ದಿನ ಆಕ್ಷೇಪ ಏಳಬಹುದು.

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ನೆಲೆಸಿರುವ ಹಿರಿಯ ಸೈನಿಕರ ಕಾಗದಪತ್ರಗಳನ್ನು ಓದಿಕೊಡುವ, ಅರ್ಜಿ ಬರೆದುಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಬರುವವರಲ್ಲಿ ಬಹುತೇಕರು ಮೊದಲು ತೆರೆದು ತೋರಿಸುವುದು ನೋಟರಿಯ ಮುದ್ರೆಯಿರುವ ಛಾಪಾ ಕಾಗದಗಳ ಕಟ್ಟನ್ನು. ತಪ್ಪು ಯಾವ ದಾಖಲೆಯಲ್ಲಿದೆ ಎಂದು ಕೇಳಿದರೆ ‘ಎಲ್ಲದರಲ್ಲೂ’ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ, ಆದರೆ ಅದರಿಂದ ಉಪಯೋಗವಿಲ್ಲ. ಸೇವಾ ದಾಖಲೆ ಎಂಬುದು ಒಂದೇ ಕಾಗದವಲ್ಲ. ಒಂದನ್ನು ನೋಡಿ ಇನ್ನೊಂದನ್ನು ಬರೆದು, ಅದನ್ನು ನೋಡಿ ಮತ್ತೊಂದನ್ನು ಬರೆದು ಇಳಿದುಬಂದ ಕಾಗದಗಳ ಸಾಲು. ತಪ್ಪು ಮೊದಲು ಯಾವ ಕಾಗದದಲ್ಲಿ ಹುಟ್ಟಿತೋ ಅಲ್ಲಿ ತಿದ್ದಿದರೆ ಕೆಳಗಿನವನ್ನೆಲ್ಲ ಕ್ರಮವಾಗಿ ತಿದ್ದಿಸಬಹುದು. ಕೆಳಗಿನದನ್ನು ಮಾತ್ರ ತಿದ್ದಿಸಿದರೆ ಮುಂದಿನ ಪರಿಶೀಲನೆಯಲ್ಲಿ ಮೇಲಿನ ತಪ್ಪು ಮತ್ತೆ ಇಳಿದುಬರುತ್ತದೆ.

ಈ ಸಾಲಿನ ಮೇಲ್ತುದಿಯಲ್ಲಿರುವುದು ಭರ್ತಿಯ ದಿನ ತುಂಬಿದ ನಮೂನೆ. ಅದರ ಆಧಾರದ ಮೇಲೆ ಸೈನಿಕನ ‘ಶೀಟ್ ರೋಲ್’ ತೆರೆಯುತ್ತದೆ. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಊರು, ವಿದ್ಯೆ, ಬಡ್ತಿ, ಶಿಕ್ಷೆ, ಪದಕ, ಮದುವೆ, ಮಕ್ಕಳು ಎಲ್ಲವೂ ಅದರಲ್ಲಿ ಸೇರುತ್ತ ಹೋಗುತ್ತವೆ. ಸೇರಬೇಕಾದರೆ ಪ್ರತಿಯೊಂದು ಘಟನೆಯೂ ಯೂನಿಟ್ ಹೊರಡಿಸುವ ‘ಪಾರ್ಟ್ ಟು ಆರ್ಡರ್’ನಲ್ಲಿ ಪ್ರಕಟವಾಗಿರಬೇಕು, ವಾಯುಪಡೆಯಲ್ಲಿ ಈ ಕೆಲಸಕ್ಕೆ ‘ಪಿಒಆರ್’ ಎಂಬ ಹೆಸರಿದೆ. ಸೇನೆಯ ಲೆಕ್ಕದಲ್ಲಿ ಪಾರ್ಟ್ ಟು ಆರ್ಡರ್ ಇಲ್ಲದ ಮದುವೆ ನಡೆದೇ ಇಲ್ಲ, ಮಗು ಹುಟ್ಟಿಯೇ ಇಲ್ಲ. ನಿವೃತ್ತಿಯ ಹೊತ್ತಿಗೆ ಶೀಟ್ ರೋಲಿನ ಸಾರಾಂಶ ಸೈನಿಕನ ಕೈಗೆ ಕೊಡುವ ಬಿಡುಗಡೆ ಪುಸ್ತಕಕ್ಕೆ, ಅಂದರೆ ಡಿಸ್ಚಾರ್ಜ್ ಬುಕ್ಕಿಗೆ ಇಳಿಯುತ್ತದೆ, ಪಿಂಚಣಿಗೆ ಬೇಕಾದ ವಿವರಗಳು ರಕ್ಷಣಾ ಲೆಕ್ಕಪತ್ರ ಇಲಾಖೆಗೆ ಹೋಗುತ್ತವೆ. ಭೂಸೇನೆಯವರಿಗೆ ಪ್ರಯಾಗರಾಜ್‌ನಲ್ಲಿರುವ ಪಿಂಚಣಿ ಪ್ರಧಾನ ನಿಯಂತ್ರಕರ ಕಚೇರಿ, ಅಂದರೆ ಪಿಸಿಡಿಎ, ಪಿಂಚಣಿ ಪಾವತಿ ಆದೇಶವನ್ನು ಹೊರಡಿಸುತ್ತದೆ. ಅದೇ ಎಲ್ಲರ ಬಾಯಲ್ಲಿರುವ ಪಿಪಿಒ. ಈಗ ಪಿಪಿಒ ವಿವರಗಳು ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಸೇರಿವೆ, ಪಿಂಚಣಿ ಅಲ್ಲಿಂದ ನೇರವಾಗಿ ಖಾತೆಗೆ ಬರುತ್ತದೆ. ಹಳೆಯ ಕಾಗದಗಳಿಂದ ವಿವರಗಳನ್ನು ಸ್ಪರ್ಶ್‌ಗೆ ಸಾಗಿಸುವಾಗ ಹುಟ್ಟಿದ ತಪ್ಪುಗಳೂ ಇವೆ. ಅಂಥವುಗಳಲ್ಲಿ ಪಿಪಿಒ ಸರಿಯಾಗಿಯೇ ಇರುವುದರಿಂದ ಶೀಟ್ ರೋಲಿನವರೆಗೆ ಹತ್ತಬೇಕಿಲ್ಲ.

ಶೀಟ್ ರೋಲ್ ಇರುವುದು ರೆಕಾರ್ಡ್ ಆಫೀಸಿನಲ್ಲಿ. ಪ್ರತಿ ರೆಜಿಮೆಂಟಿಗೂ ಕೋರಿಗೂ ತನ್ನದೇ ರೆಕಾರ್ಡ್ ಆಫೀಸ್ ಇರುವುದನ್ನು ಮನೆಮಂದಿ, ವಿಶೇಷವಾಗಿ ಮಕ್ಕಳು, ಅರಿತಿರುವುದಿಲ್ಲ. ಹಲಸೂರು ಕೆರೆಯ ಆಸುಪಾಸಿನಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ, ಅಂದರೆ ನಮ್ಮ ಎಂಇಜಿಯವರಿಗೆ, ಪಯನಿಯರ್ ಕೋರಿನವರಿಗೆ, ಮಿಲಿಟರಿ ಪೊಲೀಸರಿಗೆ, ಪ್ಯಾರಾಶೂಟ್ ರೆಜಿಮೆಂಟಿನವರಿಗೆ ದಾಖಲೆ ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರು ಬೆಳಗಾವಿಗೆ, ಮದ್ರಾಸ್ ರೆಜಿಮೆಂಟಿನವರು ವೆಲ್ಲಿಂಗ್ಟನ್ನಿಗೆ, ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇ ಕೋರಿನವರು ಸಿಕಂದರಾಬಾದಿಗೆ, ಸಿಗ್ನಲ್ಸ್‌ನವರು ಜಬಲ್‌ಪುರಕ್ಕೆ, ಫಿರಂಗಿದಳದವರು ನಾಸಿಕಕ್ಕೆ ಬರೆಯಬೇಕು. ಜಾಲಹಳ್ಳಿಯಲ್ಲೇ ಸೇವೆ ಸಲ್ಲಿಸಿ ಜಾಲಹಳ್ಳಿಯಲ್ಲೇ ಮನೆ ಕಟ್ಟಿಕೊಂಡ ವಾಯುಪಡೆಯ ಯೋಧರ ದಾಖಲೆ ದೆಹಲಿಯ ಸುಬ್ರತೋ ಪಾರ್ಕಿನಲ್ಲಿದೆ; ನೌಕಾಪಡೆಯ ನಾವಿಕರದು ಮುಂಬೈನ ಮಾನ್‌ಖುರ್ದಿನಲ್ಲಿ. ರೆಜಿಮೆಂಟಿನಿಂದ ನಿವೃತ್ತರಾಗಿ ಮತ್ತೆ ಡಿಎಸ್‌ಸಿಗೆ, ಅಂದರೆ ರಕ್ಷಣಾ ಭದ್ರತಾ ದಳಕ್ಕೆ, ಸೇರಿದವರಿಗೆ ಎರಡು ಸೇವಾ ಸಂಖ್ಯೆ, ಎರಡು ರೆಕಾರ್ಡ್ ಆಫೀಸ್, ಡಿಎಸ್‌ಸಿಯದು ಕಣ್ಣೂರಿನಲ್ಲಿದೆ. ಇಂಥವರ ಮನೆಯಲ್ಲಿ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ತಿದ್ದದೆ ಉಳಿಯುವುದು ತೀರಾ ಸಾಮಾನ್ಯ.

ಆದ್ದರಿಂದ ಮೊದಲ ಕೆಲಸ ತಿದ್ದುಪಡಿಯ ಅರ್ಜಿ ಬರೆಯುವುದಲ್ಲ, ಮೂಲದಲ್ಲಿ ಏನಿದೆ ಎಂದು ತಿಳಿಯುವುದು. ಡಿಸ್ಚಾರ್ಜ್ ಬುಕ್, ಪಿಪಿಒ, ಅದರ ನಂತರ ಬಂದ ತಿದ್ದುಪಡಿ ಪಿಪಿಒಗಳು, ಸ್ಪರ್ಶ್‌ನ ವಿವರ, ಆಧಾರ್, ಪಾನ್ ಎಲ್ಲವನ್ನೂ ಒಂದು ಮೇಜಿನ ಮೇಲೆ ಹರಡಿ, ಒಂದು ಹಾಳೆಯಲ್ಲಿ ಪ್ರತಿಯೊಂದು ಕಾಗದದಲ್ಲಿರುವ ಹೆಸರನ್ನೂ ಜನ್ಮದಿನಾಂಕವನ್ನೂ ಇಂಗ್ಲಿಷಿನಲ್ಲಿ ಇದ್ದದ್ದು ಇದ್ದಂತೆ ಸಾಲಾಗಿ ಬರೆದುಕೊಳ್ಳಬೇಕು. ಸೇವಾ ಸಂಖ್ಯೆಯ ಕೊನೆಯಲ್ಲಿರುವ ಇಂಗ್ಲಿಷ್ ಅಕ್ಷರವನ್ನೂ ಬಿಡಬಾರದು. ಅದು ಅಲಂಕಾರಕ್ಕಿಟ್ಟದ್ದಲ್ಲ, ಅದಕ್ಕೆ ಮೊದಲು ಬರುವ ಅಂಕಿಗಳು ಸರಿಯಿವೆಯೇ ಎಂದು ತಾಳೆ ನೋಡಲು ಇಟ್ಟದ್ದು. ಶೀಟ್ ರೋಲಿನ ಪ್ರತಿ ಮನೆಯಲ್ಲಿರುವುದಿಲ್ಲ. ರೆಕಾರ್ಡ್ ಆಫೀಸಿಗೆ ಸಾದಾ ಪತ್ರ ಬರೆದು ಕೇಳಬಹುದು, ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕೆಂಬುದು ಕಾಯ್ದೆಯ ಮಾತು; ಕೊಡದಿದ್ದರೆ ಮೇಲ್ಮನವಿ ಇದೆ. ‘ನನ್ನ ದಾಖಲೆಗಳನ್ನೆಲ್ಲ ಕೊಡಿ’ ಎಂದು ಕೇಳುವುದಕ್ಕಿಂತ ‘ಶೀಟ್ ರೋಲಿನ ಪ್ರತಿ, ಮದುವೆ ಹಾಗೂ ಮಕ್ಕಳ ಜನನಕ್ಕೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್‌ಗಳ ಪ್ರತಿ’ ಎಂದು ಹೆಸರಿಟ್ಟು ಕೇಳಿದರೆ ಸಿಗುವ ಸಂಭವ ಹೆಚ್ಚು.

ಹೀಗೆ ಹಾಳೆ ತುಂಬಿದ ಮೇಲೆ ಮುಖ್ಯವಾದ ನಿರ್ಧಾರವೊಂದನ್ನು ಮಾಡಬೇಕಾಗುತ್ತದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಸೇನೆಯ ದಾಖಲೆ ತಿದ್ದಬೇಕೋ, ಆಧಾರ್ ತಿದ್ದಬೇಕೋ? ಸೇನೆಯ ಕಾಗದಗಳೆಲ್ಲ ಒಂದೇ ಬಗೆಯಾಗಿದ್ದು ಆಧಾರ್ ಒಂದೇ ಬೇರೆಯಾಗಿದ್ದರೆ ಆಧಾರನ್ನು ತಿದ್ದುವುದು ಸುಲಭ, ಬೇಗ, ಅಗ್ಗ. ಹೆಸರಿನ ಕಾಗುಣಿತ ನಮಗೆ ಇಷ್ಟವಾಗದಿದ್ದರೂ ಸರಿ, 40 ವರ್ಷ ಸೇನೆಯಲ್ಲಿ ನಡೆದುಬಂದ ಕಾಗುಣಿತಕ್ಕೆ ಒಗ್ಗಿಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಆದರೆ ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಲು ಅವಕಾಶವಿದೆ. ಮೂಲವನ್ನು ನೋಡದೆ ಅವಸರದಲ್ಲಿ ಆಧಾರ್ ಕೇಂದ್ರಕ್ಕೆ ಓಡಿ ಆ ಅವಕಾಶವನ್ನು ಕಳೆದುಕೊಂಡವರನ್ನು ನೋಡಿದ್ದೇನೆ. ವಿಳಾಸದ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ರಾಜ್ಯ ‘ಮೈಸೂರು’ ಎಂದಿದ್ದರೆ ಅದು ತಪ್ಪಲ್ಲ, 1973ರ ನವೆಂಬರ್ 1ಕ್ಕೆ ಮೊದಲು ರಾಜ್ಯದ ಹೆಸರು ಅದೇ ಆಗಿತ್ತು. ಚಾಮರಾಜನಗರದವರ ದಾಖಲೆಯಲ್ಲಿ ಮೈಸೂರು ಜಿಲ್ಲೆ, ಹಾವೇರಿಯವರದರಲ್ಲಿ ಧಾರವಾಡ ಜಿಲ್ಲೆ ಇದ್ದರೆ ಅದೂ ತಪ್ಪಲ್ಲ. ಆ ಜಿಲ್ಲೆಗಳು ಹುಟ್ಟಿದ್ದೇ 1997ರಲ್ಲಿ. ಇಂಥವನ್ನು ‘ತಿದ್ದಿಸಲು’ ಹೊರಡದೆ ಜಿಲ್ಲೆ ಬದಲಾದ ಸಂಗತಿಯನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು.

ಸೇನೆಯ ದಾಖಲೆಯಲ್ಲೇ ಹೆಸರು ತಪ್ಪಾಗಿದ್ದರೆ ರೆಕಾರ್ಡ್ ಆಫೀಸಿಗೆ ಅರ್ಜಿ ಹೋಗಬೇಕು. ಅದರಲ್ಲಿ ಸೇವಾ ಸಂಖ್ಯೆ, ಹುದ್ದೆ, ಈಗಿರುವ ಹೆಸರು, ಇರಬೇಕಾದ ಹೆಸರು, ಪಿಪಿಒ ಸಂಖ್ಯೆ ಸ್ಪಷ್ಟವಾಗಿರಬೇಕು. ಡಿಸ್ಚಾರ್ಜ್ ಬುಕ್, ಆಧಾರ್, ಪಾನ್, ಶಾಲಾ ದಾಖಲೆಗಳ ಪ್ರತಿಗಳು ಜೊತೆಗಿರಬೇಕು. ಎರಡು ಕಾಗುಣಿತದ ಹೆಸರೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ ಇದಕ್ಕೆ ಪೂರಕವೇ ಹೊರತು ಪುರಾವೆಯಲ್ಲ. ಅಫಿಡವಿಟ್ ಎಂದರೆ ನಾವು ನಮ್ಮ ಬಗ್ಗೆ ಹೇಳಿಕೊಂಡ ಮಾತು; ಅದನ್ನು ಬೇರೆಯವರು ಬರೆದಿಟ್ಟ ಹಳೆಯ ಕಾಗದವೊಂದು ಬೆಂಬಲಿಸಬೇಕು. ಕಾಗುಣಿತದ ವ್ಯತ್ಯಾಸ ಒಂದು ಬಗೆ, ಹೆಸರೇ ಬೇರೆಯಾಗುವುದು ಇನ್ನೊಂದು ಬಗೆ. ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಇಟ್ಟದ್ದು ಇನ್ನೊಂದು, ಉತ್ತರದ ರೂಢಿಯಂತೆ ಗುಮಾಸ್ತರು ‘ದೇವಿ’ ಸೇರಿಸಿದ್ದು ಮತ್ತೊಂದು ಎಂದಾದರೆ ಪತ್ರಿಕಾ ಪ್ರಕಟಣೆಯನ್ನೂ, ಕೆಲವೊಮ್ಮೆ ರಾಜ್ಯಪತ್ರದ ಅಧಿಸೂಚನೆಯನ್ನೂ ಕೇಳುತ್ತಾರೆ. ನಮ್ಮಲ್ಲಿ ಹೆಸರಿನ ಮುಂದೆ ಬರುವ ಊರಿನ ಮತ್ತು ತಂದೆಯ ಇನಿಷಿಯಲ್‌ಗಳು ಕೂಡ ಕಾಟ ಕೊಡುತ್ತವೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಕೇಳುವ ನಮೂನೆಯಲ್ಲಿ ಊರಿನ ಹೆಸರು ಮನೆತನದ ಹೆಸರಾಗಿ ಕೂತುಬಿಡುತ್ತದೆ.

ಹೀಗೆ ಅರ್ಜಿ ಹಾಕುವ ಮುಂಚೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು. ಈ ಇಲಾಖೆಯ ರಾಜ್ಯ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿದೆ. ಹಳಬರು ಇನ್ನೂ ರೆಸಿಡೆನ್ಸಿ ರಸ್ತೆ ಎನ್ನುತ್ತಾರೆ. ಜಿಲ್ಲಾ ಕಚೇರಿಯವರು ದಾಖಲೆಗಳನ್ನು ಪರಿಶೀಲಿಸಿ ಶಿಫಾರಸಿನೊಂದಿಗೆ ಕಳಿಸಿದ ಅರ್ಜಿಗೆ ರೆಕಾರ್ಡ್ ಆಫೀಸಿನಲ್ಲಿ ತೂಕ ಹೆಚ್ಚು. ಒಪ್ಪಿಗೆಯಾದರೆ ರೆಕಾರ್ಡ್ ಆಫೀಸು ಪಾರ್ಟ್ ಟು ಆರ್ಡರ್ ಹೊರಡಿಸಿ, ಶೀಟ್ ರೋಲ್ ತಿದ್ದಿ, ಪಿಂಚಣಿ ಕಚೇರಿಗೆ ಶಿಫಾರಸು ಕಳಿಸುತ್ತದೆ. ಅಲ್ಲಿಂದ ‘ಕಾರಿಜೆಂಡಂ ಪಿಪಿಒ’, ಅಂದರೆ ತಿದ್ದುಪಡಿ ಪಿಪಿಒ, ಹೊರಬೀಳುತ್ತದೆ. ವಿಳಾಸ, ಮೊಬೈಲ್ ಸಂಖ್ಯೆಯಂಥ ವಿವರಗಳನ್ನು ಸ್ಪರ್ಶ್‌ನಲ್ಲಿ ಪಿಂಚಣಿದಾರರೇ ಬದಲಿಸಲು ಕೋರಬಹುದು. ಹೆಸರು, ಜನ್ಮದಿನಾಂಕ, ಕುಟುಂಬದ ವಿವರಗಳು ಮಾತ್ರ ಯಾವ ಬಾಗಿಲಿನಿಂದ ಒಳಹೋದರೂ ಕೊನೆಗೆ ರೆಕಾರ್ಡ್ ಆಫೀಸಿನ ಒಪ್ಪಿಗೆಗೇ ಬಂದು ನಿಲ್ಲುತ್ತವೆ.

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ತಪ್ಪು ಎಂದರೆ ಪಿಪಿಒದಲ್ಲಿ ಹೆಂಡತಿಯ ಹೆಸರೇ ಇಲ್ಲದಿರುವುದು. ಹಳೆಯ ಕಾಲದ ಅನೇಕ ಪಿಪಿಒಗಳಲ್ಲಿ ಆಕೆಯ ಹೆಸರಾಗಲಿ ಜನ್ಮದಿನಾಂಕವಾಗಲಿ ಇರುವುದಿಲ್ಲ. ನಿವೃತ್ತಿಯ ನಂತರ ಮದುವೆಯಾದವರದ್ದಂತೂ ಇರಲು ಸಾಧ್ಯವೇ ಇಲ್ಲ. ಗಂಡ ಬದುಕಿರುವಾಗ ಇದನ್ನು ಸೇರಿಸುವುದು ಒಂದು ಅರ್ಜಿ, ಜೋಡಿ ಭಾವಚಿತ್ರ, ಮದುವೆಯ ಪುರಾವೆ ಇಷ್ಟರಲ್ಲಿ ಆಗುವ ಕೆಲಸ. ಗಂಡ ತೀರಿಕೊಂಡ ಮೇಲೆ ಅದೇ ಕೆಲಸಕ್ಕೆ ಆಕೆ ತಾನು ಅವನ ಹೆಂಡತಿಯೇ ಎಂದು ಸಾಬೀತುಪಡಿಸುತ್ತ ಅಲೆಯಬೇಕಾಗುತ್ತದೆ, ಮತ್ತು ಹೌದೆಂದು ಸಹಿ ಹಾಕಬಲ್ಲ ಒಬ್ಬನೇ ವ್ಯಕ್ತಿ ಆಗ ಇರುವುದಿಲ್ಲ. ಮದುವೆ ನೋಂದಣಿಯೇ ಆಗಿಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಮೊದಲ ಹೆಂಡತಿ ತೀರಿಹೋಗಿ ಮರುಮದುವೆಯಾದ ಸಂದರ್ಭದಲ್ಲಿ ಮೊದಲನೆಯವರ ಮರಣ ಪ್ರಮಾಣಪತ್ರ ಇಲ್ಲದೆ ಕಡತ ಒಂದಿಂಚೂ ಮುಂದಕ್ಕೆ ಹೋಗುವುದಿಲ್ಲ. ಅಂಗವಿಕಲ ಮಗ ಅಥವಾ ಮಗಳಿದ್ದರೆ ಅವರ ಹೆಸರನ್ನೂ ತಂದೆ ತಾಯಿ ಬದುಕಿರುವಾಗಲೇ ಪಿಪಿಒದಲ್ಲಿ ಸೇರಿಸಲು ಅವಕಾಶವಿದೆ. ತಂದೆತಾಯಿಯ ನಂತರ ಆ ಮಗುವಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಸಿಗಬಹುದಾದ್ದರಿಂದ ಇದನ್ನು ಮುಂದೂಡಬಾರದು.

ಹೆಂಡತಿಯ ಜನ್ಮದಿನಾಂಕ ಏಕೆ ಮುಖ್ಯ ಎಂದು ಕೇಳುವವರಿದ್ದಾರೆ. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದಾಗ ಮೂಲ ಮೊತ್ತದ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, 100 ತುಂಬಿದಾಗ ಶೇ. 100 ಹೆಚ್ಚುವರಿ ಸಿಗುತ್ತದೆ. ದಾಖಲೆಯಲ್ಲಿ ದಿನಾಂಕವೇ ಇಲ್ಲದ ಅಜ್ಜಿಗೆ 80 ಎಂದಿಗೂ ತುಂಬುವುದಿಲ್ಲ. ಆ ತಲೆಮಾರಿನ ಹೆಣ್ಣುಮಕ್ಕಳಲ್ಲಿ ಜನನ ಪ್ರಮಾಣಪತ್ರ ಇದ್ದವರು ವಿರಳ. ಶಾಲೆಯ ಮೆಟ್ಟಿಲು ಹತ್ತಿದವರೂ ಕಡಿಮೆ. ಆಧಾರ್ ಮಾಡಿಸುವಾಗ ‘ಬರಗಾಲದ ಮುಂದಿನ ವರ್ಷ’ ಎಂದು ಲೆಕ್ಕ ಹಾಕಿ ಹೇಳಿದ ವರ್ಷಕ್ಕೆ ಜನವರಿ 1 ಎಂಬ ದಿನಾಂಕ ಬಂದು ಕೂತಿರುತ್ತದೆ. ಪಾನ್, ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಇವೆಲ್ಲ ಒಂದೇ ದಿನಾಂಕ ಹೇಳುವಂತೆ ಮೊದಲು ನೋಡಿಕೊಂಡು, ಆಮೇಲೆ ಅರ್ಜಿ ಹಾಕುವುದು ಕ್ಷೇಮ.

ಸೈನಿಕನ ಸ್ವಂತ ಜನ್ಮದಿನಾಂಕದ ಮಾತು ಬೇರೆ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡದ್ದೇ ಎಷ್ಟೋ ಜನರ ಜನ್ಮದಿನ. ನಿಜವಾದ ದಿನ ಅದಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು. ಆದರೂ ಭರ್ತಿಯ ಸಮಯದಲ್ಲಿ ಸಹಿ ಹಾಕಿ ಒಪ್ಪಿದ ದಿನಾಂಕವನ್ನು ನಿವೃತ್ತಿಯ ಹೊಸ್ತಿಲಲ್ಲಿ ಅಥವಾ ಆಮೇಲೆ ಬದಲಿಸಲು ನ್ಯಾಯಾಲಯಗಳು ಒಪ್ಪುವುದಿಲ್ಲ. ಸೇವೆಯ ಕೊನೆಯಲ್ಲಿ ಎಚ್ಚೆತ್ತು ದಿನಾಂಕ ತಿದ್ದಿಸುವ ಹಕ್ಕು ಸರ್ಕಾರಿ ನೌಕರನಿಗಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಗಟ್ಟಿಯಾಗಿ ಹೇಳಿದೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ವಿಷಯದಲ್ಲೂ ಇದೇ ಆಯಿತು. ಸೇನಾ ಪ್ರಧಾನ ಕಚೇರಿಯ ಒಂದು ವಿಭಾಗದಲ್ಲಿ ಅವರ ಜನ್ಮದಿನಾಂಕ 1950ರ ಮೇ 10, ಇನ್ನೊಂದು ವಿಭಾಗದಲ್ಲಿ 1951ರ ಮೇ 10 ಎಂದಿತ್ತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಸೇರುವಾಗ ತುಂಬಿದ ಅರ್ಜಿಯಿಂದ ಹುಟ್ಟಿದ ವ್ಯತ್ಯಾಸ ಅದು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಕ್ಕೆ ಒಲವು ತೋರದಿದ್ದಾಗ ಅವರು ತಮ್ಮ ಅರ್ಜಿಯನ್ನು ಹಿಂತೆಗೆದುಕೊಂಡರು. ದಂಡನಾಯಕರಿಗೇ ಆಗದ್ದನ್ನು ಹವಾಲ್ದಾರರಿಗೆ ಮಾಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಗಳ ಕೈಗೆ ದುಡ್ಡು ಕೊಡಬೇಡಿ. ಇಲ್ಲಿ ಒಂದೇ ವಿನಾಯಿತಿ: ಶೀಟ್ ರೋಲಿನಲ್ಲಿ ಸರಿಯಾಗಿದ್ದು ಡಿಸ್ಚಾರ್ಜ್ ಬುಕ್ಕಿಗೋ ಪಿಪಿಒಗೋ ಇಳಿಸುವಾಗ ತಪ್ಪಿದ್ದರೆ ಅದು ನಕಲಿನ ದೋಷ, ಅದನ್ನು ತಿದ್ದಲೇಬೇಕು.

ಸೇವಾವಧಿ, ಹುದ್ದೆ, ಗ್ರೂಪ್ (ಸಂಬಳ ನಿಗದಿಗೆ ಮಾಡಿದ ಕೆಲಸದ ವರ್ಗ) ತಪ್ಪಾಗಿದ್ದರೆ ಹೊಡೆತ ನೇರವಾಗಿ ಪಿಂಚಣಿಯ ಮೊತ್ತಕ್ಕೆ ಬೀಳುತ್ತದೆ. 2014ರ ಜುಲೈ 1ರಿಂದ ಜಾರಿಯಲ್ಲಿರುವ ‘ಸಮಾನ ಹುದ್ದೆಗೆ ಸಮಾನ ಪಿಂಚಣಿ’ ಯೋಜನೆಯ ಕೋಷ್ಟಕಗಳು ಹುದ್ದೆ ಮತ್ತು ಸೇವಾವಧಿಯ ಮೇಲೆಯೇ ನಿಂತಿವೆ. ಸೇವಾವಧಿ ಅಲ್ಲಿ ಅರ್ಧ ವರ್ಷದ ಮೆಟ್ಟಿಲುಗಳಲ್ಲಿ ಏರುತ್ತದೆ. ತಪ್ಪು ನಮೂದಿನಿಂದ ಒಂದು ಮೆಟ್ಟಿಲು ಕೆಳಗೆ ಬಿದ್ದವರು 2019 ಮತ್ತು 2024ರ ಪರಿಷ್ಕರಣೆಗಳಲ್ಲೂ ಅಲ್ಲೇ ಉಳಿಯುತ್ತಾರೆ. ಕೊನೆಯ ಬಡ್ತಿಯ ಪಾರ್ಟ್ ಟು ಆರ್ಡರ್ ಪ್ರತಿ ಇದ್ದರೆ ಈ ಬಗೆಯ ತಪ್ಪು ತಿದ್ದಿಸುವುದು ಕಷ್ಟವಲ್ಲ.

ವೈದ್ಯಕೀಯ ದಾಖಲೆಯನ್ನು ಮಾತ್ರ ಗುಮಾಸ್ತರ ತಪ್ಪಿನಂತೆ ತಿದ್ದಿಸಲು ಬರುವುದಿಲ್ಲ. ನಿವೃತ್ತಿಯ ವೈದ್ಯಕೀಯ ಮಂಡಳಿ ‘ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂದು ಬರೆದಿದ್ದರೆ ಅದು ಅಭಿಪ್ರಾಯ. ಅದಕ್ಕೆ ಮೇಲ್ಮನವಿಯೇ ದಾರಿ. ಆ ಮೇಲ್ಮನವಿಗೆ ಬೇಕಾದ ಬಲವೂ ಹಳೆಯ ದಾಖಲೆಯಿಂದಲೇ ಬರುತ್ತದೆ. ಭರ್ತಿಯ ಹೊತ್ತಿನ ವೈದ್ಯಕೀಯ ತಪಾಸಣೆಯಲ್ಲಿ ಯಾವ ಕಾಯಿಲೆಯನ್ನೂ ಬರೆದಿರದಿದ್ದರೆ ಆ ಸೈನಿಕ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಭರ್ತಿಯ ನಮೂನೆಯ ಖಾಲಿ ಅಂಕಣವೂ ಒಂದು ಸಾಕ್ಷಿ. 2023ರಲ್ಲಿ ಹೊಸ ಅರ್ಹತಾ ನಿಯಮಗಳು ಬಂದಿರುವುದರಿಂದ, ಅವುಗಳ ನಂತರ ನಿವೃತ್ತರಾದವರು ಹಳೆಯ ತೀರ್ಪುಗಳನ್ನೇ ನೆಚ್ಚಿಕೊಳ್ಳುವ ಮುಂಚೆ ವಕೀಲರ ಸಲಹೆ ಪಡೆಯಬೇಕು.

ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ದಾಖಲೆಗಳನ್ನು 25 ವರ್ಷ ಇಟ್ಟು ಆಮೇಲೆ ನಾಶಪಡಿಸುವ ಕ್ರಮ ಸೇನೆಯಲ್ಲಿತ್ತು. ಅಂಥ ಉತ್ತರ ಬಂದರೆ ‘ಲಾಂಗ್ ರೋಲ್’ ಪ್ರತಿ ಕೇಳಬೇಕು. ಹೆಸರು, ಸಂಖ್ಯೆ, ಭರ್ತಿ ಮತ್ತು ಬಿಡುಗಡೆಯ ದಿನಾಂಕದಂಥ ಮೂಲ ವಿವರಗಳು ಆ ವಹಿಯಲ್ಲಿ ಉಳಿದಿರುತ್ತವೆ.

ರೆಕಾರ್ಡ್ ಆಫೀಸು ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ‘ಆಗಲ್ಲ’ಕ್ಕೆ ಮೇಲ್ಮನವಿ ಇಲ್ಲ. ಲಿಖಿತ ಆದೇಶದ ವಿರುದ್ಧ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಮನವಿ ಕೊಟ್ಟು ಆರು ತಿಂಗಳಾದರೂ ಆದೇಶವೇ ಬಾರದಿದ್ದರೆ ಆಗಲೂ ಬಾಗಿಲು ತೆರೆಯುತ್ತದೆ. ದಕ್ಷಿಣದಲ್ಲಿ ಇದರ ಪೀಠಗಳು ಚೆನ್ನೈ ಮತ್ತು ಕೊಚ್ಚಿಯಲ್ಲಿವೆ. ಪಿಂಚಣಿ ಕಡಿಮೆ ಬರುತ್ತಿರುವುದು ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯವಾದ್ದರಿಂದ ತಡವಾಗಿ ಹೋದರೂ ಪ್ರಕರಣ ನಿಲ್ಲುತ್ತದೆ. ಆದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗಷ್ಟೇ ಸಿಗುತ್ತದೆ. ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪು ಹಾಕಿಕೊಟ್ಟ ಗೆರೆ ಅದು. 20 ವರ್ಷದ ನಷ್ಟಕ್ಕೆ ಮೂರು ವರ್ಷದ ಬಾಕಿ ಪಡೆದವರು ನಮ್ಮ ನಡುವೆ ಇದ್ದಾರೆ.

ಕಾರಿಜೆಂಡಂ ಪಿಪಿಒ ಕೈಗೆ ಬಂದ ದಿನ ಅದನ್ನು ಕಪಾಟಿನಲ್ಲಿಡುವ ಮುಂಚೆ, ಮೊದಲು ಬರೆದುಕೊಂಡಿದ್ದ ಹಾಳೆಯನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದಿ. ಎಚ್ ಸೇರಿಸಲು ಹೋಗಿ ಒಂದು ಎಂ ಬಿಟ್ಟುಹೋಗಿರುವ ತಿದ್ದುಪಡಿ ಆದೇಶಗಳನ್ನು ಕಂಡಿದ್ದೇನೆ. ಸ್ಪರ್ಶ್‌ನಲ್ಲಿ ಅದೇ ಬದಲಾವಣೆ ಮೂಡಿದೆಯೇ ಎಂದು ಕೆಲವು ದಿನ ಬಿಟ್ಟು ನೋಡಿ. ಹಳೆಯ ಪಿಪಿಒವನ್ನು ಎಸೆಯಬೇಡಿ. ತಿದ್ದುಪಡಿ ಆದೇಶವನ್ನು ಅದರೊಂದಿಗೆ ಸೇರಿಸಿಯೇ ಓದಬೇಕು. ಎರಡರ ಪ್ರತಿಯನ್ನೂ ಮನೆಯಾಕೆಗೆ ತೋರಿಸಿ, ಎಲ್ಲಿಟ್ಟಿದ್ದೀರಿ ಎಂದು ಹೇಳಿಡಿ.